ಮೊದಲು ಮಾತುಕತೆ, ಆಮೇಲೆ ಏಜೆಂಟ್: ಮಲ್ಟಿಏಜೆಂಟ್ ಸಿಸ್ಟಮ್ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಮಲ್ಟಿಏಜೆಂಟ್ ಸಿಸ್ಟಮ್, ಅಂದರೆ ಮೆಸೇಜ್ ಕಳಿಸಿಕೊಂಡು ಒಟ್ಟಿಗೆ ಕೆಲಸ ಮಾಡುವ ಹಲವು ಸ್ವತಂತ್ರ ಪ್ರೋಗ್ರಾಂಗಳ (ಏಜೆಂಟ್‌ಗಳ) ಗುಂಪು, ಬರೆಯಲು ಕೂತರೆ ಕೈ ತಾನಾಗಿ ಏಜೆಂಟ್ ಕಡೆಗೇ ಹೋಗುತ್ತದೆ. ಅದು ಹೇಗೆ ಯೋಚಿಸಬೇಕು, ಯಾವ ಡೇಟಾ ಬೇಕು, ಯಾವ ನಿಯಮ ಬೇಕು ಅಂತ ಎಲ್ಲ ಬರೆದು ಮುಗಿಸುತ್ತೇವೆ. ಮೆಸೇಜ್ ಕಳಿಸುವ ಕೋಡನ್ನು ಕೊನೆಗೆ ಸೇರಿಸುತ್ತೇವೆ. ಒಂದೊಂದೇ ಏಜೆಂಟ್ ಓಡಿಸಿ ನೋಡಿದರೆ ಎಲ್ಲ ಸರಿಯಾಗಿಯೇ ಇರುತ್ತದೆ. ಎರಡನ್ನು ಒಟ್ಟಿಗೆ ಓಡಿಸಿದಾಗ ಒಂದು ಉತ್ತರಕ್ಕೆ ಕಾಯುತ್ತಾ ನಿಂತಿರುತ್ತದೆ, ಇನ್ನೊಂದು ತಾನು ಉತ್ತರ ಕೊಟ್ಟಾಯಿತು ಅಂದುಕೊಂಡಿರುತ್ತದೆ. ತಪ್ಪು ಎರಡರಲ್ಲೂ ಇಲ್ಲ, ಅವೆರಡರ ನಡುವೆ ಇದೆ. ಹಾಗಾಗಿ ಇಲ್ಲಿ ಮಾತುಕತೆಯನ್ನು ಮೊದಲು ಬರೆಯೋಣ, ಏಜೆಂಟ್‌ನ ಒಳಗಿನ ಕೋಡನ್ನು ಆಮೇಲೆ.

ಉದಾಹರಣೆಗೆ ಒಂದೇ ಕೆಲಸ ಹಿಡಿದುಕೊಳ್ಳೋಣ. ದಾವಣಗೆರೆಯಿಂದ ಬೆಂಗಳೂರಿಗೆ 9 ಟನ್ ಅಕ್ಕಿ ಹೋಗಬೇಕು. ಬುಕಿಂಗ್ ಆಫೀಸ್‌ಗೆ ಒಂದು ಏಜೆಂಟ್ ಇದೆ. ಒಂದೊಂದು ಲಾರಿ ಮಾಲೀಕರಿಗೂ ಒಂದೊಂದು ಏಜೆಂಟ್ ಇದೆ. ಏಜೆಂಟ್ ಅಂದಾಗಲೆಲ್ಲ ಇಲ್ಲಿ ಸಾಫ್ಟ್‌ವೇರ್ ಎಂದೇ ಅರ್ಥ, ಬ್ರೋಕರ್ ಅಲ್ಲ. ಜಾವಾ ಅಥವಾ ಪೈಥಾನ್ ಸ್ವಲ್ಪ ಗೊತ್ತಿದ್ದರೆ ಮುಂದಿನದೆಲ್ಲ ಅರ್ಥವಾಗುತ್ತದೆ.

ಶುರು ಮಾಡುವ ಮೊದಲು ಒಂದು ವಿಷಯ ತಲೆಯಲ್ಲಿ ಇರಲಿ. ಫಂಕ್ಷನ್ ಕರೆದರೆ ಅದು ಓಡಲೇಬೇಕು. ಏಜೆಂಟ್‌ಗೆ ಮೆಸೇಜ್ ಕಳಿಸಿದರೆ ಅದು ಒಪ್ಪಬಹುದು, ಆಗಲ್ಲ ಅನ್ನಬಹುದು, ಸುಮ್ನೆ ಇರಲೂಬಹುದು. ಲಾರಿ ಮಾಲೀಕರ ಏಜೆಂಟ್ ಬುಕಿಂಗ್ ಆಫೀಸ್‌ನ ಮಾತು ಕೇಳಬೇಕು ಅಂತ ಯಾವ ಕಟ್ಟುಪಾಡೂ ಇಲ್ಲ. ಅದರ ಕೋಡ್ ಬರೆದವರೂ ಬೇರೆ. ನಮ್ಮ ಕೋಡ್ ಈ ಮೂರೂ ಸಾಧ್ಯತೆಗಳಿಗೆ ಮೊದಲ ದಿನದಿಂದಲೇ ತಯಾರಿರಬೇಕು.

ಹಂತ 1: ಯಾರು ಯಾರಿಗೆ ಏನು ಹೇಳುತ್ತಾರೆ

ಕೆಲಸ ಹಂಚುವ ಮಾತುಕತೆಗೆ ಹೊಸ ಪ್ರೋಟೋಕಾಲ್ (ಮಾತುಕತೆಯ ನಿಯಮಾವಳಿ) ಕಟ್ಟುವ ಅಗತ್ಯ ಇಲ್ಲ. ರೀಡ್ ಸ್ಮಿತ್ 1980ರಲ್ಲೇ ಕಾಂಟ್ರಾಕ್ಟ್ ನೆಟ್ ಪ್ರೋಟೋಕಾಲ್ ಕೊಟ್ಟಿದ್ದಾರೆ. ಹಲವು ಕಡೆ ಹರಡಿದ ಸೆನ್ಸರ್‌ಗಳು ಸೇರಿಕೊಂಡು ವಾಹನಗಳ ಜಾಡು ಹಿಡಿಯುವ ಕೆಲಸವನ್ನು ಅವರು ಉದಾಹರಣೆಗೆ ತೆಗೆದುಕೊಂಡಿದ್ದರು. ಏಜೆಂಟ್‌ಗಳಿಗೆ ಸ್ಟ್ಯಾಂಡರ್ಡ್ ರೂಪಿಸಲು 1996ರಲ್ಲಿ ಹುಟ್ಟಿದ ಫಿಪಾ ಸಂಸ್ಥೆ ಆಮೇಲೆ ಇದಕ್ಕೆ ಒಂದು ಸ್ಟ್ಯಾಂಡರ್ಡ್ ರೂಪ ಕೊಟ್ಟಿತು. 2005ರಲ್ಲಿ ಫಿಪಾ, ಎಂಜಿನಿಯರ್‌ಗಳ ಸಂಘಟನೆಯಾದ ಐಇಇಇ ಅಡಿಗೆ ಬಂತು.

ನಮ್ಮ ಲೋಡ್‌ಗೆ ಅದು ಹೀಗೆ ಹೊಂದುತ್ತದೆ. ಬುಕಿಂಗ್ ಏಜೆಂಟ್ ಎಲ್ಲ ಲಾರಿ ಏಜೆಂಟ್‌ಗಳಿಗೂ "ಲೋಡ್ ಇದೆ, ಬಾಡಿಗೆ ಹೇಳಿ" ಅಂತ ಕರೆ ಕಳಿಸುತ್ತದೆ. ಲಾರಿಗಳು ಬಾಡಿಗೆ ಹೇಳುತ್ತವೆ, ಇಲ್ಲವೇ ಆಗಲ್ಲ ಅನ್ನುತ್ತವೆ. ಗಡುವು ಮುಗಿದ ಮೇಲೆ ಬುಕಿಂಗ್ ಒಂದು ಲಾರಿಗೆ ಒಪ್ಪಿಗೆ, ಬಾಡಿಗೆ ಹೇಳಿದ ಉಳಿದವಕ್ಕೆ ಬೇಡ ಅಂತ ಹೇಳುತ್ತದೆ. ಒಪ್ಪಿಗೆ ಸಿಕ್ಕ ಲಾರಿ ಕೆಲಸ ಮುಗಿಸಿ "ತಲುಪಿತು" ಅನ್ನುತ್ತದೆ, ಕೈಕೊಟ್ಟರೆ "ಆಗಲಿಲ್ಲ" ಅನ್ನುತ್ತದೆ.

ಇದನ್ನು ಒಂದು ಹಾಳೆಯ ಮೇಲೆ ಬರೆಯಿರಿ. ಬರೆಯುವಾಗ ಏಜೆಂಟ್‌ನ ಹೆಸರು ಹಾಕಬೇಡಿ, ಪಾತ್ರದ ಹೆಸರು ಹಾಕಿ. ಇವತ್ತು ಬಾಡಿಗೆ ಹೇಳುವ ಏಜೆಂಟ್ ನಾಳೆ ತನ್ನ ಕೈಲಾಗದ ಲೋಡನ್ನು ಬೇರೆಯವರಿಗೆ ದಾಟಿಸಲು ತಾನೇ ಬುಕಿಂಗ್ ಪಾತ್ರಕ್ಕೆ ಬರಬಹುದು. ಕಾಂಟ್ರಾಕ್ಟ್ ನೆಟ್‌ನಲ್ಲಿ ಇದಕ್ಕೆ ಶುರುವಿನಿಂದಲೂ ಜಾಗ ಇದೆ.

ಹಂತ 2: ಯಾವ ಮಾಹಿತಿ ಯಾರ ಕೈಯಲ್ಲಿ ಹುಟ್ಟುತ್ತದೆ

ಜಾಸ್ತಿ ಸಮಯ ಕೊಡಬೇಕಾದ ಹಂತ ಇದು.

ಸಾಮಾನ್ಯವಾಗಿ ನಾವು ಮೊದಲು ಇದು, ಆಮೇಲೆ ಅದು ಅಂತ ಬಾಣ ಎಳೆದು ಚಿತ್ರ ಬರೆಯುತ್ತೇವೆ. ನೆಟ್‌ವರ್ಕ್ ನಮ್ಮ ಬಾಣಗಳನ್ನು ಕೇಳುವುದಿಲ್ಲ. ಮೆಸೇಜ್ ತಡವಾಗಿ ಬರುತ್ತದೆ, ಹಿಂದೆ ಮುಂದೆ ಆಗುತ್ತದೆ. ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಮುನೀಂದರ್ ಸಿಂಗ್ 2011ರಲ್ಲಿ ಬಿಎಸ್‌ಪಿಎಲ್ ಎಂಬ ಪುಟ್ಟ ಭಾಷೆ ಕೊಟ್ಟರು. ಅದರಲ್ಲಿ ಕ್ರಮ ಬರೆಯುವುದೇ ಇಲ್ಲ. ಒಂದು ಮೆಸೇಜ್ ಕಳಿಸಲು ಯಾವ ಮಾಹಿತಿ ಮೊದಲೇ ಗೊತ್ತಿರಬೇಕು, ಅದರಿಂದ ಯಾವ ಮಾಹಿತಿ ಹೊಸದಾಗಿ ಹುಟ್ಟುತ್ತದೆ, ಇಷ್ಟೇ ಬರೆಯುವುದು. ಕ್ರಮ ಅದರಿಂದ ತಾನಾಗಿ ಬರುತ್ತದೆ. ನಮ್ಮ ಪ್ರೋಟೋಕಾಲನ್ನು ಅದೇ ರೀತಿಯಲ್ಲಿ ಕನ್ನಡದಲ್ಲಿ ಬರೆದರೆ ಹೀಗಿರುತ್ತದೆ:

ಪಾತ್ರಗಳು: ಬುಕಿಂಗ್, ಲಾರಿ
ಕೀ (ಒಂದು ಮಾತುಕತೆಯ ಗುರುತು): ಲೋಡ್ ಸಂಖ್ಯೆ + ಲಾರಿ ಸಂಖ್ಯೆ

ಬುಕಿಂಗ್ → ಲಾರಿ: ಕರೆ
 ಹೊಸದು: ಲೋಡ್ ವಿವರ, ಗಡುವು
ಲಾರಿ → ಬುಕಿಂಗ್: ಬಾಡಿಗೆ
 ಗೊತ್ತಿರಬೇಕು: ಲೋಡ್ ವಿವರ | ಹೊಸದು: ಮೊತ್ತ, ಉತ್ತರ
ಲಾರಿ → ಬುಕಿಂಗ್: ಆಗಲ್ಲ
 ಗೊತ್ತಿರಬೇಕು: ಲೋಡ್ ವಿವರ | ಹೊಸದು: ಉತ್ತರ
ಬುಕಿಂಗ್ → ಲಾರಿ: ಒಪ್ಪಿಗೆ
 ಗೊತ್ತಿರಬೇಕು: ಮೊತ್ತ | ಹೊಸದು: ತೀರ್ಮಾನ, ಒಪ್ಪಿಗೆ ಸಂಖ್ಯೆ
ಬುಕಿಂಗ್ → ಲಾರಿ: ಬೇಡ
 ಗೊತ್ತಿರಬೇಕು: ಮೊತ್ತ | ಹೊಸದು: ತೀರ್ಮಾನ
ಲಾರಿ → ಬುಕಿಂಗ್: ತಲುಪಿತು
 ಗೊತ್ತಿರಬೇಕು: ಒಪ್ಪಿಗೆ ಸಂಖ್ಯೆ | ಹೊಸದು: ಫಲಿತಾಂಶ
ಲಾರಿ → ಬುಕಿಂಗ್: ಆಗಲಿಲ್ಲ
 ಗೊತ್ತಿರಬೇಕು: ಒಪ್ಪಿಗೆ ಸಂಖ್ಯೆ | ಹೊಸದು: ಫಲಿತಾಂಶ

ಇಲ್ಲಿ "ಉತ್ತರ" ಅನ್ನುವುದನ್ನು ಗಮನಿಸಿ. ಬಾಡಿಗೆ ಹೇಳಿದರೂ ಅದು ಹುಟ್ಟುತ್ತದೆ, ಆಗಲ್ಲ ಅಂದರೂ ಹುಟ್ಟುತ್ತದೆ. ಒಂದು ಕೀಗೆ ಒಂದು ಮಾಹಿತಿ ಒಂದೇ ಸಲ ಹುಟ್ಟಬೇಕು ಅನ್ನುವುದು ನಿಯಮ. ಹಾಗಾಗಿ ಲಾರಿ ಒಂದನ್ನು ಕಳಿಸಿದರೆ ಇನ್ನೊಂದನ್ನು ಕಳಿಸುವಂತಿಲ್ಲ. ಎರಡೂ ಹುಟ್ಟುವುದು ಲಾರಿಯ ಕೈಯಲ್ಲೇ ಆದ್ದರಿಂದ ಗೊಂದಲಕ್ಕೆ ದಾರಿಯೇ ಇಲ್ಲ.

ಈಗ ಒಂದು ಹೊಸ ಬೇಡಿಕೆ ಬಂತು ಅಂದುಕೊಳ್ಳಿ. ಬಾಡಿಗೆ ಹೇಳಿದ ಲಾರಿಗೆ ಅದನ್ನು ವಾಪಸ್ ತೆಗೆದುಕೊಳ್ಳುವ ಅವಕಾಶ ಬೇಕು. ನೇರವಾಗಿ "ವಾಪಸ್" ಎಂಬ ಮೆಸೇಜ್ ಸೇರಿಸಿ, ಅದರಿಂದಲೂ "ತೀರ್ಮಾನ" ಹುಟ್ಟುತ್ತದೆ ಅಂತ ಬರೆದರೆ? 10:30ಕ್ಕೆ ಲಾರಿ "ವಾಪಸ್" ಕಳಿಸುತ್ತದೆ. ಅದೇ ಕ್ಷಣಕ್ಕೆ ಬುಕಿಂಗ್ "ಒಪ್ಪಿಗೆ" ಕಳಿಸುತ್ತದೆ. ಎರಡೂ ದಾರಿ ಮಧ್ಯೆ ಒಂದನ್ನೊಂದು ದಾಟಿ ಹೋಗುತ್ತವೆ. ಲಾರಿಯ ಲೆಕ್ಕದಲ್ಲಿ ವ್ಯವಹಾರ ಮುಗಿಯಿತು, ಬುಕಿಂಗ್ ಲೆಕ್ಕದಲ್ಲಿ ಲಾರಿ ಸಿಕ್ಕಿತು. ಗೋಡೌನ್ ಮುಂದೆ 180 ಮೂಟೆ ಅಕ್ಕಿ ಕಾಯುತ್ತಾ ಇರುತ್ತದೆ.

ಎಷ್ಟು ಚೆನ್ನಾಗಿ ಕೋಡ್ ಬರೆದರೂ ಈ ತಪ್ಪು ಹೋಗುವುದಿಲ್ಲ, ಯಾಕಂದ್ರೆ ಅದು ಪ್ರೋಟೋಕಾಲ್‌ನಲ್ಲೇ ಇದೆ. ಒಂದೇ ಮಾಹಿತಿಯನ್ನು ಇಬ್ಬರು ಹುಟ್ಟಿಸಬಹುದಾದರೆ ಪ್ರೋಟೋಕಾಲ್ ಸುರಕ್ಷಿತ ಅಲ್ಲ. ಹಾಳೆ ನೋಡಿಯೇ ಇದನ್ನು ಹಿಡಿಯಬಹುದು, ಒಂದು ಸಾಲು ಕೋಡ್ ಬರೆಯುವ ಮೊದಲು.

ಬಾಡಿಗೆ ಇಂಥ ಹೊತ್ತಿನವರೆಗೆ ಮಾತ್ರ ಅಂತ ಅವಧಿ ಹಾಕಿದರೆ ಸಾಕಲ್ವಾ ಅನ್ನಿಸಬಹುದು. ಸಾಲದು. ಅವಧಿ ಮುಗಿಯಲು ಒಂದು ಸೆಕೆಂಡ್ ಇದ್ದಾಗ ಹೊರಟ ಒಪ್ಪಿಗೆ, ಮುಗಿದ ಒಂದು ಸೆಕೆಂಡ್ ಆದ ಮೇಲೆ ತಲುಪಬಹುದು. ಜಗಳ ಅದೇ, ಜಾಗ ಬದಲಾಯಿತು ಅಷ್ಟೇ. ಸರಿಯಾದ ದಾರಿ ಅಂದರೆ ತೀರ್ಮಾನವನ್ನು ಒಬ್ಬರ ಕೈಯಲ್ಲೇ ಇಡುವುದು. ಲಾರಿ "ಬಿಟ್ಟುಬಿಡಿ" ಅಂತ ಕೋರಿಕೆ ಕಳಿಸಲಿ. ಅದರಿಂದ "ಕೋರಿಕೆ" ಎಂಬ ಬೇರೆಯೇ ಮಾಹಿತಿ ಹುಟ್ಟಲಿ. ಬುಕಿಂಗ್ ಇನ್ನೂ ತೀರ್ಮಾನಿಸದಿದ್ದರೆ ಕೋರಿಕೆ ನೋಡಿ "ಬೇಡ" ಕಳಿಸುತ್ತದೆ. ಒಪ್ಪಿಗೆ ಆಗಲೇ ಹೋಗಿದ್ದರೆ ಅದೇ ಊರ್ಜಿತ, ಲಾರಿಗೆ ಉಳಿಯುವ ದಾರಿ "ಆಗಲಿಲ್ಲ" ಮಾತ್ರ. ಯಾವ ಮೆಸೇಜ್ ಎಷ್ಟೇ ತಡವಾದರೂ ಇಬ್ಬರ ಲೆಕ್ಕವೂ ಕೊನೆಗೆ ಒಂದೇ ಆಗುತ್ತದೆ.

ಹಂತ 3: ಮೆಸೇಜ್‌ನ ಒಳಗೆ ಏನಿರಬೇಕು

ಫಿಪಾದ ಮೆಸೇಜ್ ಭಾಷೆಯಲ್ಲಿ ಕಡ್ಡಾಯ ಇರುವುದು ಪರ್ಫಾರ್ಮೆಟಿವ್ ಒಂದೇ, ಅಂದರೆ ಇದು ಯಾವ ಬಗೆಯ ಮಾತು ಅನ್ನುವುದು. ಅಂಥ 22 ಬಗೆಗಳನ್ನು ಅದು ಪಟ್ಟಿ ಮಾಡಿದೆ. ನಮಗೆ ಬೇಕಾದವು ಕೆಲವೇ: ಕರೆಗೆ ಸಿಎಫ್‌ಪಿ (ಕಾಲ್ ಫಾರ್ ಪ್ರೊಪೋಸಲ್), ಬಾಡಿಗೆಗೆ ಪ್ರೊಪೋಸ್, ಆಗಲ್ಲ ಎನ್ನಲು ರಿಫ್ಯೂಸ್, ಆಮೇಲೆ ಆಕ್ಸೆಪ್ಟ್ ಪ್ರೊಪೋಸಲ್, ರಿಜೆಕ್ಟ್ ಪ್ರೊಪೋಸಲ್, ತಲುಪಿತು ಎನ್ನಲು ಇನ್‌ಫಾರ್ಮ್, ಆಗಲಿಲ್ಲ ಎನ್ನಲು ಫೇಲ್ಯೂರ್. ಜೊತೆಗೆ ನಾಟ್ ಅಂಡರ್‌ಸ್ಟುಡ್ ಕೂಡ ಇಟ್ಟುಕೊಳ್ಳಿ. ಅರ್ಥವಾಗದ ಮೆಸೇಜನ್ನು ಸುಮ್ಮನೆ ನುಂಗಿದರೆ ಆ ಕಡೆಯವರು ಕಾಯುತ್ತಲೇ ಇರುತ್ತಾರೆ.

ಒಂದು ಕರೆ ಹೀಗಿರುತ್ತದೆ:

ಬಗೆ: ಸಿಎಫ್‌ಪಿ
ಇಂದ: ಬುಕಿಂಗ್
ಗೆ: ಲಾರಿ-1, ಲಾರಿ-2, ಲಾರಿ-3
ಪ್ರೋಟೋಕಾಲ್: ಕಾಂಟ್ರಾಕ್ಟ್ ನೆಟ್
ಸಂವಾದ ಐಡಿ: ಲೋಡ್-417
ಉತ್ತರದ ಗಡುವು: 10:30
ವಿಷಯ: ಅಕ್ಕಿ, 9000 ಕೆಜಿ, ದಾವಣಗೆರೆಯಿಂದ ಬೆಂಗಳೂರು, ಲೋಡಿಂಗ್ ನಾಳೆ ಬೆಳಗ್ಗೆ 6ಕ್ಕೆ

ಸಂವಾದ ಐಡಿ ಮರೆತರೆ ಎಲ್ಲ ಕೆಡುತ್ತದೆ. ಒಂದೇ ಹೊತ್ತಿಗೆ ಹತ್ತು ಲೋಡ್ ಓಡುತ್ತಿರುವಾಗ "14,500" ಎಂಬ ಉತ್ತರ ಬಂದರೆ ಅದು ಯಾವ ಲೋಡ್‌ನದು? ಬೆಂಗಳೂರಿನ ನಮ್ಮ ಯಾತ್ರಿ ಆ್ಯಪ್ ಬಳಸುವ ಬೆಕ್ನ್ ಪ್ರೋಟೋಕಾಲ್‌ನಲ್ಲೂ ಇದೇ ಕಾರಣಕ್ಕೆ ಪ್ರತಿ ಮೆಸೇಜ್‌ಗೆ ಎರಡು ಗುರುತು ಇರುತ್ತವೆ, ಇಡೀ ವ್ಯವಹಾರಕ್ಕೆ ಟ್ರಾನ್ಸಾಕ್ಷನ್ ಐಡಿ, ಒಂದು ಪ್ರಶ್ನೆ ಮತ್ತು ಅದರ ಉತ್ತರಕ್ಕೆ ಮೆಸೇಜ್ ಐಡಿ. ಅಲ್ಲಿ ಸರ್ಚ್ ಕಳಿಸಿದರೆ ತಕ್ಷಣ ಬರುವುದು "ತಲುಪಿತು" ಎಂಬ ಸೂಚನೆ ಮಾತ್ರ. ನಿಜವಾದ ಉತ್ತರ ಆಮೇಲೆ ಆನ್-ಸರ್ಚ್ ಎಂಬ ಪ್ರತ್ಯೇಕ ಕರೆಯಾಗಿ ಬರುತ್ತದೆ. ಸೆಲೆಕ್ಟ್, ಇನಿಟ್, ಕನ್ಫರ್ಮ್ ಎಲ್ಲದಕ್ಕೂ ಇದೇ ಜೋಡಿ. ಅದರ ಸ್ಪೆಸಿಫಿಕೇಶನ್ ಎಲ್ಲರಿಗೂ ತೆರೆದಿದೆ, ಒಮ್ಮೆ ಓದಿ ನೋಡಿ.

ತೂಕಕ್ಕೆ ಕೆಜಿ, ಹಣಕ್ಕೆ ರೂಪಾಯಿ, ಹೊತ್ತಿಗೆ ದಿನಾಂಕ ಸಮೇತ ಪೂರ್ತಿ ಸಮಯ ಅಂತ ಮೊದಲೇ ಗಟ್ಟಿ ಮಾಡಿ. ಮೊತ್ತ ಇಡೀ ಲೋಡ್‌ಗೋ ಟನ್‌ಗೋ ಅನ್ನುವುದೂ ಬರಹದಲ್ಲಿ ಇರಲಿ.

ಇನ್ನೊಂದು ಪ್ರಶ್ನೆ ಸ್ವಲ್ಪ ಆಳದ್ದು. "ಒಪ್ಪಿಗೆ" ಅಂದರೆ ನಿಜಕ್ಕೂ ಏನು? ಫಿಪಾ ತನ್ನ ಮೆಸೇಜ್‌ಗಳ ಅರ್ಥವನ್ನು ಏಜೆಂಟ್‌ನ ನಂಬಿಕೆ ಮತ್ತು ಉದ್ದೇಶದ ಮೇಲೆ ಕಟ್ಟಿತು. ಇನ್‌ಫಾರ್ಮ್ ಕಳಿಸುವವರು ಆ ಮಾತನ್ನು ನಂಬಿರಬೇಕು ಅನ್ನುವ ಹಾಗೆ. ಬೇರೆಯವರ ಏಜೆಂಟ್ ಏನು ನಂಬಿದೆ ಅಂತ ಹೊರಗಿನಿಂದ ನೋಡಲು ಆಗುವುದಿಲ್ಲ. 1998ರಲ್ಲಿ ಮುನೀಂದರ್ ಸಿಂಗ್ ಇದೇ ಆಕ್ಷೇಪ ಎತ್ತಿದರು. ಅರ್ಥ ಎಲ್ಲರಿಗೂ ಕಾಣುವಂಥದ್ದಾಗಿರಬೇಕು ಅನ್ನುವುದು ಅವರ ವಾದ. ಅದಕ್ಕೆ ಅವರ ಆಯ್ಕೆ ಬದ್ಧತೆ, ಅಂದರೆ ಯಾರು ಯಾರಿಗೆ ಯಾವ ಷರತ್ತಿನ ಮೇಲೆ ಏನು ಮಾಡಿಕೊಡುತ್ತೇನೆ ಅಂದರು ಅನ್ನುವುದು. ಈ ದಾರಿಯೇ ನನಗೆ ಸರಿ ಅನ್ನಿಸುತ್ತದೆ. ಲಾರಿ ಬಾಡಿಗೆ ಹೇಳಿದಾಗಲೇ ಒಂದು ಷರತ್ತಿನ ಬದ್ಧತೆ ಹುಟ್ಟುತ್ತದೆ: "ನೀವು 14,500ಕ್ಕೆ ಒಪ್ಪಿದರೆ, ನಾಳೆ 6ಕ್ಕೆ ಲಾರಿ ಗೋಡೌನ್‌ನಲ್ಲಿ ಇರುತ್ತದೆ." ಒಪ್ಪಿಗೆ ಬಂದ ಕೂಡಲೇ ಷರತ್ತು ಬಿದ್ದುಹೋಗಿ ಬದ್ಧತೆ ಉಳಿಯುತ್ತದೆ. ಮೆಸೇಜ್ ಲಾಗ್ ನೋಡಿ ಯಾರು ಮಾತು ತಪ್ಪಿದರು ಅಂತ ಹೇಳಬಹುದು. ಪ್ರತಿ ಮೆಸೇಜ್‌ಗೂ ಇಂಥ ಒಂದು ವಾಕ್ಯ ಬರೆದಿಡಿ.

ಹಂತ 4: ಒಬ್ಬರನ್ನೊಬ್ಬರು ಹುಡುಕುವುದು

ಲಾರಿಗಳ ವಿಳಾಸವನ್ನು ಕೋಡ್‌ನಲ್ಲಿ ಬರೆಯಬೇಡಿ. ಫಿಪಾ ಪ್ಲಾಟ್‌ಫಾರ್ಮ್‌ಗಳಲ್ಲಿ ಡೈರೆಕ್ಟರಿ ಫೆಸಿಲಿಟೇಟರ್ ಅಂತ ಒಂದು ಏಜೆಂಟ್ ಇರುತ್ತದೆ. ಲಾರಿ ಶುರುವಾದಾಗ ಅಲ್ಲಿ "ಸರಕು ಸಾಗಣೆ" ಅಂತ ಹೆಸರು ಬರೆಸುತ್ತದೆ, ಬುಕಿಂಗ್ ಅಲ್ಲಿ ಹುಡುಕುತ್ತದೆ. ಏಜೆಂಟ್ ಮುಚ್ಚುವಾಗ ಹೆಸರು ತೆಗೆಸುವ ಕೋಡ್ ಕೂಡ ಬರೆಯಿರಿ. ತೆಗೆಸದೇ ಸತ್ತ ಏಜೆಂಟ್‌ಗಳ ಹೆಸರು ಪಟ್ಟಿಯಲ್ಲಿ ಉಳಿದೇ ಉಳಿಯುತ್ತದೆ. ಪಟ್ಟಿಯಲ್ಲಿ ಇದ್ದಾರೆ ಅಂದರೆ ಬದುಕಿದ್ದಾರೆ ಅಂತ ಅಲ್ಲ.

ಹಂತ 5: ಈಗ ಏಜೆಂಟ್ ಒಳಗಿನ ಕೋಡ್

ಏಜೆಂಟ್ ಬರೆಯಲು ತಯಾರಾದ ಫ್ರೇಮ್‌ವರ್ಕ್‌ಗಳಿವೆ. ಜಾವಾ ಆದರೆ ಜೇಡ್ ಇದೆ. ಇಟಲಿಯ ಟೊರಿನೊದಲ್ಲಿ ಟೆಲಿಕಾಂ ಇಟಾಲಿಯಾದ ಲ್ಯಾಬ್‌ನಲ್ಲಿ ಬೆಳೆದದ್ದು. ಪೈಥಾನ್ ಆದರೆ ವಲೆನ್ಸಿಯಾದವರ ಸ್ಪೇಡ್ ಇದೆ. ಅದು ಎಕ್ಸ್‌ಎಂಪಿಪಿ ಎಂಬ ಚಾಟ್ ಪ್ರೋಟೋಕಾಲ್ ಮೇಲೆ ಮೆಸೇಜ್ ಕಳಿಸುತ್ತದೆ. ನಂಬಿಕೆ, ಗುರಿ, ಯೋಜನೆ ಅಂತ ಯೋಚಿಸುವ ಏಜೆಂಟ್ ಬೇಕಿದ್ದರೆ ಜೇಸನ್ ನೋಡಿ. ಆನಂದ್ ರಾವ್ 1996ರಲ್ಲಿ ಕೊಟ್ಟ ಏಜೆಂಟ್‌ಸ್ಪೀಕ್ ಭಾಷೆಯನ್ನು ಅದು ಓಡಿಸುತ್ತದೆ. ಕಲಿಯಲು ಮೊದಲ ಎರಡರಲ್ಲಿ ಒಂದು ಸಾಕು.

ಜೇಡ್‌ನಲ್ಲಿ ಒಂದು ಏಜೆಂಟ್‌ಗೆ ಒಂದೇ ಥ್ರೆಡ್. ಅದರೊಳಗೆ ಹಲವು ಬಿಹೇವಿಯರ್‌ಗಳು (ಏಜೆಂಟ್‌ನ ಒಂದೊಂದು ಕೆಲಸದ ಕೋಡ್) ಸರದಿ ಮೇಲೆ ಓಡುತ್ತವೆ. ಒಂದು ತನ್ನ ಆ್ಯಕ್ಷನ್ ಮುಗಿಸಿ ವಾಪಸ್ ಬರುವ ತನಕ ಇನ್ನೊಂದಕ್ಕೆ ಸರದಿ ಇಲ್ಲ. ಹೊಸಬರು ಎಡವುವ ಮೂರು ಜಾಗ ಇಲ್ಲೇ ಇವೆ. ಮೊದಲನೆಯದು ಬ್ಲಾಕ್ ಮೆಥಡ್. ಅದನ್ನು ಕರೆದ ಕೂಡಲೇ ಕೋಡ್ ಅಲ್ಲೇ ನಿಲ್ಲುತ್ತದೆ ಅಂದುಕೊಳ್ಳುತ್ತಾರೆ. ನಿಲ್ಲುವುದಿಲ್ಲ. ಆ್ಯಕ್ಷನ್ ಮುಗಿದ ಮೇಲೆ ಈ ಬಿಹೇವಿಯರನ್ನು ಬದಿಗೆ ಇಡು ಅಂತ ಹೇಳುವ ಗುರುತು ಮಾತ್ರ ಅದು. ಹೊಸ ಮೆಸೇಜ್ ಬಂದಾಗ ಬದಿಗಿಟ್ಟ ಎಲ್ಲ ಬಿಹೇವಿಯರ್‌ಗಳೂ ಎದ್ದು ಬರುತ್ತವೆ. ಎರಡನೆಯದು ಬ್ಲಾಕಿಂಗ್ ರಿಸೀವ್. ಇದು ಇಡೀ ಏಜೆಂಟನ್ನೇ ನಿಲ್ಲಿಸುತ್ತದೆ. ಬಿಹೇವಿಯರ್ ಒಳಗೆ ಇದನ್ನು ಬಳಸಬೇಡಿ. ಮೂರನೆಯದು ಟೆಂಪ್ಲೇಟ್ (ಯಾವ ಬಗೆಯ ಮೆಸೇಜ್ ಬೇಕು ಅನ್ನುವ ಷರತ್ತು) ಇಲ್ಲದ ರಿಸೀವ್. ಅದು ಕ್ಯೂನಲ್ಲಿ ಸಿಕ್ಕಿದ್ದನ್ನು ಎತ್ತಿಕೊಳ್ಳುತ್ತದೆ, ಪಕ್ಕದ ಬಿಹೇವಿಯರ್ ಕಾಯುತ್ತಿದ್ದ ಮೆಸೇಜ್ ಮಾಯವಾಗುತ್ತದೆ.

ಸ್ಪೇಡ್‌ನಲ್ಲಿ ಪ್ರತಿ ಬಿಹೇವಿಯರ್‌ಗೂ ತನ್ನದೇ ಅಂಚೆಪೆಟ್ಟಿಗೆ ಇರುವುದರಿಂದ ಮೂರನೆಯ ತೊಂದರೆ ಕಡಿಮೆ. ಅಲ್ಲಿ ಎಚ್ಚರ ಬೇಕಾದದ್ದು ಮಾಮೂಲಿ ಸ್ಲೀಪ್ ಬಗ್ಗೆ. ಅದು ಇಡೀ ಲೂಪನ್ನು ನಿಲ್ಲಿಸುತ್ತದೆ, ಅಸಿಂಕ್ ಸ್ಲೀಪನ್ನೇ ಬಳಸಿ.

ಲಾರಿ ಏಜೆಂಟ್ ಕರೆ ಸ್ವೀಕರಿಸುವ ಭಾಗ ಸುಮಾರಾಗಿ ಹೀಗಿರುತ್ತದೆ:

ಸಿಎಫ್‌ಪಿ ಟೆಂಪ್ಲೇಟ್‌ನಿಂದ ಮೆಸೇಜ್ ತೆಗೆ
ಇಲ್ಲದಿದ್ದರೆ: ಬ್ಲಾಕ್ ಮಾಡು, ಹೊರಗೆ ಬಾ
ಈ ಸಂವಾದ ಐಡಿಗೆ ಉತ್ತರ ಮೊದಲೇ ಬರೆದಿಟ್ಟಿದ್ದರೆ: ಅದನ್ನೇ ಮತ್ತೆ ಕಳಿಸು, ಹೊರಗೆ ಬಾ
ಗಡುವು ಮೀರಿದ್ದರೆ ಅಥವಾ ಲಾರಿ ಖಾಲಿ ಇಲ್ಲದಿದ್ದರೆ: ಉತ್ತರ = ಆಗಲ್ಲ
ಉಳಿದಂತೆ: ಉತ್ತರ = ಬಾಡಿಗೆ, ಮೊತ್ತ ಲೆಕ್ಕ ಹಾಕು
ಉತ್ತರ ಬರೆದಿಡು
ಉತ್ತರ ಕಳಿಸು

ಕೊನೆಯ ಎರಡು ಸಾಲುಗಳ ಕ್ರಮ ಬದಲಿಸಬೇಡಿ. ಮೊದಲು ಕಳಿಸಿ ಆಮೇಲೆ ಬರೆದಿಡುವ ಹೊತ್ತಿಗೆ ಏಜೆಂಟ್ ಕ್ರ್ಯಾಶ್ ಆದರೆ, ಮತ್ತೆ ಎದ್ದಾಗ ಅದೇ ಲೋಡ್‌ಗೆ ಬೇರೆ ಬಾಡಿಗೆ ಹೇಳುತ್ತದೆ. ಉತ್ತರ ಕಟ್ಟಲು ಜೇಡ್‌ನ ಕ್ರಿಯೇಟ್ ರಿಪ್ಲೈ ಬಳಸಿ. ಸಂವಾದ ಐಡಿ, ಪ್ರೋಟೋಕಾಲ್ ಎಲ್ಲ ಅದೇ ತುಂಬಿಕೊಡುತ್ತದೆ.

ಬುಕಿಂಗ್ ಕಡೆಗೆ ಜೇಡ್‌ನ ಕಾಂಟ್ರಾಕ್ಟ್ ನೆಟ್ ಇನಿಶಿಯೇಟರ್ ಕ್ಲಾಸ್ ತಯಾರಾಗಿಯೇ ಇದೆ. ಬಂದ ಉತ್ತರಗಳನ್ನೆಲ್ಲ ಒಟ್ಟಿಗೆ ಕೊಡುವ ಮೆಥಡ್‌ನಲ್ಲಿ ಕಡಿಮೆ ಬಾಡಿಗೆ ಆರಿಸಿ ಒಪ್ಪಿಗೆ, ಬೇಡ ಎರಡನ್ನೂ ತುಂಬಿದರೆ ಸಾಕು. ಗಡುವು ಹಾಕಲು ಮಾತ್ರ ಮರೆಯಬೇಡಿ. ಗಡುವಿಲ್ಲದಿದ್ದರೆ ಅದು ಎಲ್ಲರ ಉತ್ತರಕ್ಕೂ ಕಾಯುತ್ತದೆ, ಒಂದು ಲಾರಿ ಏಜೆಂಟ್ ನಿಂತುಹೋದರೆ ಲೋಡ್ ಅಲ್ಲೇ ನಿಲ್ಲುತ್ತದೆ.

ಹಂತ 6: ಒಂದೇ ಲಾರಿ, ಎರಡು ಲೋಡ್

ಕಾಂಟ್ರಾಕ್ಟ್ ನೆಟ್‌ನ ಹಳೆಯ ತಲೆನೋವು ಇದು. ಲಾರಿ-2 ಲೋಡ್-417ಕ್ಕೂ ಬಾಡಿಗೆ ಹೇಳಿದೆ, ಬೇರೆ ಬುಕಿಂಗ್ ಆಫೀಸ್‌ನ ಲೋಡ್‌ಗೂ ಹೇಳಿದೆ. ಇಬ್ಬರೂ ಒಪ್ಪಿದರು. ಲಾರಿ ಒಂದೇ.

ಒಂದು ಹೊತ್ತಿಗೆ ಒಂದೇ ಬಾಡಿಗೆ ಹೇಳುವುದು ಮೊದಲ ದಾರಿ. ಮಾತು ತಪ್ಪುವುದಿಲ್ಲ, ಆದರೆ ಉತ್ತರ ಬರುವ ತನಕ ಬೇರೆ ಲೋಡ್ ಎಲ್ಲ ಕೈ ತಪ್ಪುತ್ತವೆ. ಎರಡಕ್ಕೂ ಹೇಳಿ, ಎರಡನೇ ಒಪ್ಪಿಗೆಗೆ "ಆಗಲಿಲ್ಲ" ಕಳಿಸುವುದು ಎರಡನೆಯ ದಾರಿ. ಬರೆಯಲು ಸುಲಭ, ಆದರೆ ಬುಕಿಂಗ್ ಅಷ್ಟರಲ್ಲಿ ಉಳಿದ ಲಾರಿಗಳಿಗೆ ಬೇಡ ಅಂದಾಗಿರುತ್ತದೆ. ಮೂರನೆಯದು ಪ್ರೋಟೋಕಾಲನ್ನೇ ಬದಲಿಸುವುದು: ಒಪ್ಪಿಗೆ ಆದ ಮೇಲೆ ಲಾರಿಯಿಂದ "ಖಚಿತ" ಎಂಬ ಇನ್ನೊಂದು ಮೆಸೇಜ್, ಅದು ಬಂದ ಮೇಲಷ್ಟೇ ಉಳಿದವರಿಗೆ ಬೇಡ. ಒಂದು ಸುತ್ತು ಮೆಸೇಜ್ ಜಾಸ್ತಿ ಆಗುತ್ತದೆ.

ಗಡುವು ಹತ್ತು ನಿಮಿಷದೊಳಗೆ ಇದ್ದರೆ ಮೊದಲ ದಾರಿಯೇ ಸಾಕು. ಗಂಟೆಗಟ್ಟಲೆ ಇದ್ದರೆ ಮೂರನೆಯದಕ್ಕೆ ಹೋಗಿ. ಎರಡನೆಯದನ್ನು ನಾನು ಹೇಳುವುದಿಲ್ಲ. ಪದೇ ಪದೇ ನಡೆಯುವಂಥ ಸಂಗತಿಗೆ ಪ್ರೋಟೋಕಾಲ್‌ನಲ್ಲಿ ಒಂದು ಹೆಜ್ಜೆ ಇರಬೇಕು, ಅದನ್ನು ತಪ್ಪು ಅಂತ ಹೆಸರಿಟ್ಟು ಬದಿಗೆ ತಳ್ಳಬಾರದು. "ಖಚಿತ" ಸೇರಿಸಿದರೆ ಹಂತ 2ರ ಹಾಳೆಗೆ ವಾಪಸ್ ಹೋಗಿ, ಅದರಿಂದ ಹುಟ್ಟುವ ಮಾಹಿತಿ ಬೇರೆ ಯಾರ ಕೈಯಲ್ಲೂ ಹುಟ್ಟುವುದಿಲ್ಲ ಅಂತ ನೋಡಿಕೊಳ್ಳಿ.

ಹಂತ 7: ಬೇಕಂತಲೇ ಕೆಡಿಸಿ ನೋಡುವುದು

ಎಲ್ಲ ಒಂದೇ ಲ್ಯಾಪ್‌ಟಾಪ್‌ನಲ್ಲಿ ಓಡಿದಾಗ ಮೆಸೇಜ್‌ಗಳು ಶಿಸ್ತಾಗಿ ಬರುತ್ತವೆ. ಅದನ್ನು ನಂಬಬೇಡಿ. ಕಳಿಸುವ ಕೋಡ್ ಮತ್ತು ನೆಟ್‌ವರ್ಕ್ ನಡುವೆ ಒಂದು ಪದರ ಹಾಕಿ. ಅದು ಕೆಲವು ಮೆಸೇಜ್ ತಡ ಮಾಡಲಿ, ಕೆಲವನ್ನು ಎರಡು ಸಲ ಕಳಿಸಲಿ, ಕೆಲವನ್ನು ನುಂಗಲಿ, ಕ್ರಮ ಕಲಸಲಿ. ಯಾವ ಮೆಸೇಜ್‌ಗೆ ಏನು ಮಾಡಿತು ಅಂತ ರ‍್ಯಾಂಡಮ್ ಸೀಡ್ ಸಮೇತ ಬರೆದಿಡಲಿ, ಆಗ ಸಿಕ್ಕ ತಪ್ಪನ್ನು ಮತ್ತೆ ಅದೇ ಥರ ಓಡಿಸಬಹುದು.

ಪ್ರತಿ ಓಟ ಮುಗಿದ ಮೇಲೆ ಎರಡೂ ಕಡೆಯ ಲಾಗನ್ನು ಸಂವಾದ ಐಡಿ ಪ್ರಕಾರ ಸೇರಿಸಿ ಮೂರು ಪ್ರಶ್ನೆ ಕೇಳಿ. ಒಂದು ಲೋಡ್‌ಗೆ ಒಂದಕ್ಕಿಂತ ಜಾಸ್ತಿ ಒಪ್ಪಿಗೆ ಹೋಗಿದೆಯಾ? ಬಾಡಿಗೆ ಹೇಳಿದ ಯಾವುದಾದರೂ ಲಾರಿಗೆ ತೀರ್ಮಾನ ಹೋಗದೆ ಉಳಿದಿದೆಯಾ? ಒಪ್ಪಿಗೆ ಪಡೆದ ಲಾರಿ ಫಲಿತಾಂಶ ಹೇಳದೆ ಸುಮ್ಮನಾಗಿದೆಯಾ? ಜೇಡ್‌ನ ಸ್ನಿಫರ್‌ನಲ್ಲಿ ಮೆಸೇಜ್‌ಗಳು ಬಾಣಗಳಾಗಿ ಕಾಣುತ್ತವೆ, ಒಂದೆರಡು ಸಂವಾದ ನೋಡಲು ಬಹಳ ಚೆಂದ. ನೂರಾರು ಸಂವಾದಕ್ಕೆ ಈ ಮೂರು ಪ್ರಶ್ನೆಯ ಸ್ಕ್ರಿಪ್ಟೇ ಬೇಕು.

ಹಂತ 8: ಏಜೆಂಟ್ ಒಳಗೆ ಭಾಷಾ ಮಾಡೆಲ್ ಇದ್ದರೆ

ಈಗ ಏಜೆಂಟ್ ಅಂದರೆ ಹಲವರಿಗೆ ನೆನಪಾಗುವುದು ದೊಡ್ಡ ಭಾಷಾ ಮಾಡೆಲ್. ಗೂಗಲ್ 2025ರ ಏಪ್ರಿಲ್‌ನಲ್ಲಿ ಇಂಥ ಏಜೆಂಟ್‌ಗಳು ತಮ್ಮಲ್ಲೇ ಮಾತಾಡಲು ಎ2ಎ (ಏಜೆಂಟ್-ಟು-ಏಜೆಂಟ್) ಪ್ರೋಟೋಕಾಲ್ ಬಿಟ್ಟಿತು, ಅದೇ ವರ್ಷ ಅದು ಲಿನಕ್ಸ್ ಫೌಂಡೇಶನ್‌ಗೆ ಹೋಯಿತು. ಅದರ ಏಜೆಂಟ್ ಕಾರ್ಡ್ ಹಂತ 4ರ ಡೈರೆಕ್ಟರಿಯ ಪ್ರಶ್ನೆಗೇ ಉತ್ತರ: ನಾನು ಯಾರು, ನನ್ನ ಕೈಲಿ ಏನಾಗುತ್ತದೆ. ಪ್ರತಿ ಟಾಸ್ಕ್‌ಗೂ ಒಂದು ಐಡಿ, ಒಂದು ಸ್ಥಿತಿ ಇರುತ್ತದೆ. ಆದರೆ ಲೋಡ್-417ಕ್ಕೆ ಯಾರು ತೀರ್ಮಾನ ಹೇಳಬೇಕು ಅನ್ನುವುದನ್ನು ಎ2ಎ ಹೇಳಿಕೊಡುವುದಿಲ್ಲ. ಹಂತ 2ರ ಕೆಲಸ ನಮ್ಮದೇ.

ಎಷ್ಟು ಬಾಡಿಗೆ ಹೇಳಬೇಕು, ಈ ಲೋಡ್ ಲಾಭವೋ ಅಲ್ಲವೋ ಅನ್ನುವುದನ್ನು ಮಾಡೆಲ್‌ಗೆ ಬಿಡಿ. ಈ ಹೊತ್ತಿನಲ್ಲಿ ಈ ಮೆಸೇಜ್ ಕಳಿಸಬಹುದೋ ಇಲ್ಲವೋ ಅನ್ನುವುದನ್ನು ಬಿಡಬೇಡಿ. ಮಾಡೆಲ್ ಮತ್ತು ನೆಟ್‌ವರ್ಕ್ ನಡುವೆ ಮಾಮೂಲಿ ಕೋಡ್‌ನ ಒಂದು ಕಾವಲು ಇರಲಿ. ಹಂತ 2ರ ಕೋಷ್ಟಕ ಅದರ ಕೈಯಲ್ಲಿರಲಿ. ಗೊತ್ತಿರಬೇಕಾದ ಮಾಹಿತಿ ಇದೆಯಾ, ಹೊಸದಾಗಿ ಹುಟ್ಟುವುದು ಮೊದಲೇ ಹುಟ್ಟಿಲ್ಲ ತಾನೇ ಅಂತ ನೋಡಿ, ಸರಿ ಇದ್ದರೆ ಮಾತ್ರ ಹೊರಗೆ ಬಿಡಲಿ. ಸರಿ ಇಲ್ಲದಿದ್ದರೆ ಕಾರಣ ಬರೆದು ಮಾಡೆಲ್‌ಗೆ ವಾಪಸ್ ಕೊಡಲಿ. ಎರಡನೇ ಸಲವೂ ತಪ್ಪಿದರೆ ಕಾಯುವುದು ಬೇಡ. ಉತ್ತರ ಇನ್ನೂ ಹೋಗಿಲ್ಲವಾದರೆ ಕಾವಲಿನ ಕೋಡ್ ತಾನೇ "ಆಗಲ್ಲ" ಕಳಿಸಿ ಆ ಸಂವಾದವನ್ನು ಮುಗಿಸಲಿ, ಬುಕಿಂಗ್ ಬೇರೆ ಲಾರಿ ನೋಡಿಕೊಳ್ಳುತ್ತದೆ.